ಕಾಲ, ಕಾಲು, ಕಾಸು: ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ನಿಮಗೆ ಯಾವುದು?

ಚಿಕ್ಕಮಗಳೂರಿನಲ್ಲಿ ಮನೆ ಇದ್ದವರಿಗೆಲ್ಲ ಸಂಬಳವಿಲ್ಲದ ಒಂದು ನೌಕರಿ ಇದ್ದೇ ಇರುತ್ತದೆ, ಬೆಂಗಳೂರಿನ ನೆಂಟರಿಗೆ ಪ್ರವಾಸದ ದಾರಿ ಹೇಳುವುದು. ಮೊನ್ನೆ ಅಕ್ಕನ ಮಗಳು ಫೋನು ಮಾಡಿದ್ದಳು. "ಮಾವ, ಶನಿವಾರ ಎಂಟು ಜನ ಬರ್ತಿದೀವಿ. ಮುಳ್ಳಯ್ಯನಗಿರಿ, ಝರಿ, ಹೆಬ್ಬೆ, ಎತ್ತಿನಭುಜ, ಆಮೇಲೆ ಕುದುರೆಮುಖ. ಎರಡು ದಿನಕ್ಕೆ ಆಗುತ್ತಲ್ಲ?"

"ಆಗುತ್ತೆ ಕಣೆ, ಎಲ್ಲಾನೂ ಕಾರಿನ ಕಿಟಕಿಯಿಂದ ನೋಡೋದಾದ್ರೆ" ಅಂದೆ.

ತಪ್ಪು ಅವಳದ್ದಲ್ಲ. ಮೊಬೈಲಿನಲ್ಲಿ ಎಲ್ಲ ಬೆಟ್ಟವೂ ಒಂದೇ ಥರ ಹಸಿರಾಗಿ, ಒಂದೇ ಥರ ಮಂಜು ಹೊದ್ದುಕೊಂಡು ಕಾಣುತ್ತದೆ. ಯಾವ ಫೋಟೊ ಯಾವ ತಿಂಗಳಿನದು, ಅಲ್ಲಿಗೆ ಹತ್ತಿದವರ ಮಂಡಿ ಎಂಥದು, ಜೀಪಿಗೆ ಎಷ್ಟು ಕೊಟ್ಟರು ಎನ್ನುವುದು ಅದರಲ್ಲಿ ಕಾಣುವುದಿಲ್ಲ. ವರ್ಷದ ಹನ್ನೆರಡು ತಿಂಗಳೂ ಇಲ್ಲಿ ಹೊರಗೆ ತಿರುಗುವುದಕ್ಕೆ ಏನಾದರೊಂದು ಇದೆ. ಎಲ್ಲವೂ ಎಲ್ಲ ತಿಂಗಳೂ ಇಲ್ಲ, ಅಷ್ಟೇ.

ಮೊದಲು ನಿಮ್ಮನ್ನೇ ಕೇಳಿಕೊಳ್ಳಬೇಕಾದ್ದು

ನಾನು ಯಾರಿಗೇ ಹೇಳುವುದಿದ್ದರೂ ಜಾಗದ ಹೆಸರು ಎತ್ತುವ ಮುಂಚೆ ಕಾಲ, ಕಾಲು, ಕಾಸು ಮೂರನ್ನೂ ವಿಚಾರಿಸುತ್ತೇನೆ.

ಕಾಲ ಎಂದರೆ ತಿಂಗಳು. ಜೂನ್ ಎರಡನೇ ವಾರದಿಂದ ಸೆಪ್ಟೆಂಬರ್ ನಡುವಿನವರೆಗೆ ಮಳೆ. ಅದರಲ್ಲೂ ಪುನರ್ವಸು, ಪುಷ್ಯ ಮಳೆ ಎನ್ನುತ್ತೇವಲ್ಲ, ಜುಲೈ ಮೊದಲ ವಾರದಿಂದ ಆಗಸ್ಟ್ ಆರಂಭದವರೆಗಿನ ಆ ಒಂದು ತಿಂಗಳು ಆಕಾಶ ತೂತಾದ ಹಾಗೆ ಸುರಿಯುತ್ತದೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ತನಕ ಹಸಿರೂ ಇದೆ, ಬಿಸಿಲೂ ಇದೆ. ಡಿಸೆಂಬರ್, ಜನವರಿ ಚಳಿ ಮತ್ತು ಕಾಫಿ ಕೊಯ್ಲು. ಫೆಬ್ರುವರಿಯಿಂದ ಬೆಟ್ಟದ ಹುಲ್ಲು ಒಣಗಿ ಕಂದಾಗುತ್ತದೆ, ಕಾಡ್ಗಿಚ್ಚಿನ ಭಯ ಶುರುವಾಗುತ್ತದೆ, ಅರಣ್ಯ ಇಲಾಖೆ ಒಂದೊಂದೇ ಚಾರಣದ ಹಾದಿ ಮುಚ್ಚುತ್ತದೆ.

ಕಾಲು ಎಂದರೆ ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ಕಾಲು. ನಿಮ್ಮದಲ್ಲ. ಎಂಟು ಜನರಲ್ಲಿ ಏಳು ಜನ ಜಿಮ್ಮಿಗೆ ಹೋಗುವವರಾಗಿ, ಎಂಟನೆಯವರು ಮೂರು ವರ್ಷದಿಂದ ಕುರ್ಚಿ ಬಿಟ್ಟು ಏಳದವರಾದರೆ ಬೆಟ್ಟ ಆ ಎಂಟನೆಯವರ ಲೆಕ್ಕದಲ್ಲೇ ಆರಿಸಬೇಕು.

ಕಾಸಿನ ವಿಚಾರದಲ್ಲಿ ಜನ ತಪ್ಪುವುದು ಒಂದೇ ಕಡೆ. ತಂಗುವ ಜಾಗಕ್ಕೆ ಲೆಕ್ಕ ಹಾಕುತ್ತಾರೆ, ಓಡಾಟಕ್ಕೆ ಹಾಕುವುದಿಲ್ಲ. ಹೋಮ್‌ಸ್ಟೇಗಳಲ್ಲಿ ಊಟ ತಿಂಡಿ ಸೇರಿ ತಲೆಗೆ ಸುಮಾರು 1,500ರಿಂದ 3,000 ರೂಪಾಯಿಯೊಳಗೆ ಮರ್ಯಾದೆಯ ಜಾಗ ಸಿಗುತ್ತದೆ. ಆದರೆ ಜೀಪು, ಟ್ಯಾಕ್ಸಿ, ಪ್ರವೇಶ ಶುಲ್ಕ, ಗೈಡು ಎಲ್ಲ ಕೂಡಿದರೆ ಕೆಲವೊಮ್ಮೆ ಮಲಗುವುದಕ್ಕಿಂತ ತಿರುಗುವುದೇ ದುಬಾರಿ. ಇಲ್ಲಿನ ಜೀಪಿನವರು ಬಾಡಿಗೆ ಹೇಳುವುದು ಸಾಮಾನ್ಯವಾಗಿ ಇಡೀ ಗಾಡಿಗೆ, ತಲೆಗಲ್ಲ. ಇಬ್ಬರೇ ಹೋದರೂ ಅದೇ ದುಡ್ಡು, ಏಳು ಜನ ಹೋದರೂ ಅದೇ ದುಡ್ಡು.

ಇವು ಮೂರರ ಜೊತೆಗೆ ಈಗ ಅನುಮತಿಯೂ ಸೇರಿಕೊಂಡಿದೆ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜಾತ್ರೆಯಂಥ ಜನ ಸೇರಿದ ಮೇಲೆ ಅರಣ್ಯ ಇಲಾಖೆ ಚಾರಣಗಳನ್ನು ಆನ್‌ಲೈನ್ ಬುಕಿಂಗ್‌ಗೆ ತಂದಿತು. 'ಅರಣ್ಯ ವಿಹಾರ' ಜಾಲತಾಣದಲ್ಲಿ ಮುಂಚೆಯೇ ಚೀಟಿ ಮಾಡಿಸಿಕೊಳ್ಳದೆ ಬಂದರೆ ಗೇಟಿನಿಂದಲೇ ವಾಪಸು. ಮುಳ್ಳಯ್ಯನಗಿರಿ ಸಾಲಿಗೂ 2025ರ ಸೆಪ್ಟೆಂಬರಿನಿಂದ ವಾಹನಗಳಿಗೆ ಆನ್‌ಲೈನ್ ನೋಂದಣಿ ಬಂತು. ಬೆಳಿಗ್ಗೆ ಒಂದು ಸರದಿ, ಮಧ್ಯಾಹ್ನ ಒಂದು ಸರದಿ, ಎರಡಕ್ಕೂ ಇಷ್ಟೇ ಗಾಡಿ ಎಂಬ ಮಿತಿ. ಊರಿನವರು ಹೋಗಿ ಮಾತಾಡಿದರೆ ಬಿಡ್ತಾರೆ ಎಂಬ ಕಾಲ ಮುಗಿಯಿತು. ನನಗೂ ಬಿಡುವುದಿಲ್ಲ.

ಗಿರಿ: ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾ ಬುಡನ್‌ಗಿರಿ

ನಾವು ಇದಿಷ್ಟನ್ನೂ ಸೇರಿಸಿ 'ಗಿರಿ' ಅಂತಲೇ ಅನ್ನುವುದು. ಊರಿನಿಂದ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ಮುಳ್ಳಯ್ಯನಗಿರಿ 1,930 ಮೀಟರ್, ಕರ್ನಾಟಕದಲ್ಲೇ ಎತ್ತರ. ಬಂದವರೆಲ್ಲ ಮೊದಲು ಹೇಳುವ ಹೆಸರೂ ಇದೇ. ಅದಕ್ಕೆ ಕಾರಣವೂ ಇದೆ. ಕಾರು ಹತ್ತಿರದವರೆಗೂ ಹೋಗುತ್ತದೆ, ಆಮೇಲೆ ನಾಲ್ಕೈದು ನೂರು ಮೆಟ್ಟಿಲು, ಮೇಲೆ ಮುಳ್ಳಪ್ಪ ಸ್ವಾಮಿಯ ಗದ್ದುಗೆ, ಸುತ್ತಲೂ ಅಲೆ ಅಲೆಯಾಗಿ ಚಂದ್ರದ್ರೋಣ ಸಾಲು. ಕಡಿಮೆ ನಡಿಗೆಗೆ ಇಷ್ಟು ದೊಡ್ಡ ನೋಟ ಸಿಗುವ ಜಾಗ ರಾಜ್ಯದಲ್ಲಿ ಬೇರೆ ಇಲ್ಲ.

ತೊಂದರೆ ಬರುವುದೂ ಅದರಿಂದಲೇ. ಸುಲಭವಾಗಿ ಸಿಗುವುದಕ್ಕೆ ಎಲ್ಲರೂ ಬರುತ್ತಾರೆ. ಶನಿವಾರ, ಭಾನುವಾರ ಮೇಲಿನ ಕಿರಿದಾದ ರಸ್ತೆಯಲ್ಲಿ ಎದುರು ಬದುರು ಕಾರು ಸಿಕ್ಕಿಕೊಂಡು, ಒಂದು ಪಕ್ಕ ಪ್ರಪಾತ, ಹಿಂದೆ ಹಾರ್ನು. ಬೆಟ್ಟ ನೋಡಲು ಬಂದವರು ಮುಂದಿನ ಗಾಡಿಯ ನಂಬರ್ ಪ್ಲೇಟು ನೋಡಿಕೊಂಡು ಕೂತಿರುತ್ತಾರೆ. ಒಮ್ಮೆ ನನ್ನ ಭಾವನನ್ನು ಆಗಸ್ಟಿನಲ್ಲಿ ಕರೆದುಕೊಂಡು ಹೋಗಿದ್ದೆ. ಮೆಟ್ಟಿಲು ಹತ್ತಿದ್ದು ಆಯಿತು, ಗಾಳಿಗೆ ಛತ್ರಿ ತಿರುಗಿ ಮುರಿದದ್ದೂ ಆಯಿತು, ತುದಿಯಲ್ಲಿ ನಿಂತು ಕೈ ಚಾಚಿದರೆ ಬೆರಳು ಕಾಣುವುದಿಲ್ಲ. "ಇದೇ ಎತ್ತರದ ಜಾಗ ಅಂತ ಹೆಂಗೆ ನಂಬೋದೋ?" ಅಂದರು. ಈಗಲೂ ಮನೆಯಲ್ಲಿ ಬೆಡ್‌ಶೀಟು ಒಣಹಾಕಿದರೆ ಅದನ್ನು ತೋರಿಸಿ ಮುಳ್ಳಯ್ಯನಗಿರಿ ಎನ್ನುತ್ತಾರೆ.

ಮಳೆಗಾಲದಲ್ಲಿ ಗಿರಿಗೆ ಹೋಗುವುದು ನೋಟಕ್ಕಲ್ಲ, ಮಂಜಿನೊಳಗೆ ನಿಲ್ಲುವುದಕ್ಕೆ. ಅದು ಬೇಕು ಅನ್ನುವವರಿಗೆ ಅದರಂಥ ಜಾಗ ಇನ್ನೊಂದಿಲ್ಲ. ನೋಟವೇ ಬೇಕೆಂದರೆ ಅಕ್ಟೋಬರ್, ನವೆಂಬರಿನ ವಾರದ ದಿನ, ಬೆಳಗಿನ ಸರದಿಯಲ್ಲಿ ಬನ್ನಿ. ಕುರಿಂಜಿಯ ಆಸೆಗೆ ಬರುವವರೂ ಇದ್ದಾರೆ. 2022ರಲ್ಲಿ ಮಳೆ ಮುಗಿಯುವ ಹೊತ್ತಿಗೆ ಈ ಬೆಟ್ಟಗಳ ಇಳಿಜಾರು ನೀಲಿಯಾಗಿದ್ದನ್ನು ನೋಡಿದ ಕಣ್ಣಿಗೆ ಬೇರೆ ಹೂವು ಹಿಡಿಸುವುದು ಕಷ್ಟ. ಆದರೆ ಅದು ವರ್ಷಗಳಿಗೊಮ್ಮೆ ಬರುವ ಹೂವು, ಅದನ್ನೇ ನಂಬಿ ರಜೆ ಹಾಕಬೇಡಿ.

ನಡೆಯುವ ಕಾಲಿದ್ದವರಿಗೆ ಇದೇ ಬೆಟ್ಟದಲ್ಲಿ ಇನ್ನೊಂದು ದಾರಿಯಿದೆ, ಸರ್ಪದಾರಿ. ರಸ್ತೆಯ ತಿರುವಿನಿಂದ ಹುಲ್ಲಿನ ಏಣಿನ ಮೇಲೆ ಹಾವಿನಂತೆ ಬಳುಕಿ ಹತ್ತುವ ಹಾದಿ, ಮೂರು ನಾಲ್ಕು ಕಿಲೋಮೀಟರ್. ಎರಡು ಗಂಟೆ ಸಾಕು, ಆದರೆ ನೆರಳು ಎಂಬುದು ಇಲ್ಲ, ಹತ್ತು ಗಂಟೆಯ ಮೇಲೆ ಹತ್ತಿದರೆ ನೆತ್ತಿ ಕಾಯುತ್ತದೆ. ಕಾರಿನಲ್ಲಿ ಹೋದವರೂ ಸರ್ಪದಾರಿಯಲ್ಲಿ ಹೋದವರೂ ಸೇರುವುದು ಒಂದೇ ತುದಿಗೆ. ಆದರೆ ಎರಡನೆಯವರು ಮೇಲೆ ಕೂತು ತಿನ್ನುವ ಚಿತ್ರಾನ್ನದ ರುಚಿಯೇ ಬೇರೆ.

ಅಲ್ಲಿಂದ ಮುಂದೆ ಬಾಬಾ ಬುಡನ್‌ಗಿರಿಯ ದತ್ತಪೀಠ, ಗಾಳಿಕೆರೆ, ಮಾಣಿಕ್ಯಧಾರಾ ಜಲಪಾತ. ಅತ್ತಿಗುಂಡಿಯ ಹತ್ತಿರದ ಝರಿ ಜಲಪಾತಕ್ಕೆ ಜೀಪಿನಲ್ಲಿ ಹೋಗುತ್ತಾರೆ, ಮಕ್ಕಳಿಗೆ ನೀರಿಗಿಂತ ಜೀಪಿನ ಕುಲುಕಾಟವೇ ಖುಷಿ. ಡಿಸೆಂಬರಿನಲ್ಲಿ ದತ್ತ ಜಯಂತಿಯ ದಿನಗಳಲ್ಲಿ ಪ್ರವಾಸಿಗರನ್ನು ಗಿರಿಗೆ ಬಿಡುವುದಿಲ್ಲ. ಹೊರಡುವ ಮುಂಚೆ ಪಂಚಾಂಗವನ್ನೂ ಒಂದು ಸಲ ನೋಡಿ.

ಮೂಡಿಗೆರೆ ಕಡೆ: ಎತ್ತಿನಭುಜ, ಬಲ್ಲಾಳರಾಯನ ದುರ್ಗ, ದೇವರಮನೆ

ಇಲ್ಲಿ ನಾನು ಪಕ್ಷಪಾತಿ, ಮೊದಲೇ ಹೇಳಿಬಿಡುತ್ತೇನೆ. ಅಮ್ಮನ ತವರು ಮೂಡಿಗೆರೆ ಸೀಮೆ.

ಮೊದಲ ಸಲ ಬೆಟ್ಟ ಹತ್ತುವವರು ಯಾವುದಕ್ಕೆ ಹೋಗಬೇಕು ಅಂದರೆ ನಾನು ಮುಳ್ಳಯ್ಯನಗಿರಿ ಹೇಳುವುದಿಲ್ಲ, ಎತ್ತಿನಭುಜ ಹೇಳುತ್ತೇನೆ. ಮೂಡಿಗೆರೆಯಿಂದ ಸುಮಾರು 25 ಕಿಲೋಮೀಟರ್, ಭೈರಾಪುರದ ನಾಣ್ಯದ ಭೈರವೇಶ್ವರ ದೇವಸ್ಥಾನದ ಬಳಿಯಿಂದ ಹತ್ತುವುದು. ಮೊದಲ ಪಾಲು ಜೀಪು ಓಡಾಡುವ ಮಣ್ಣಿನ ದಾರಿ, ನಂತರ ಬೋಳು ಹುಲ್ಲುಗಾವಲು, ಕೊನೆಗೆ ಎತ್ತಿನ ಹಿಣಿಲಿನಂತೆ ಎದ್ದು ನಿಂತ ಬಂಡೆ. ಆ ಕೊನೆಯ ಪಾಲಿನಲ್ಲಿ ಮಾತ್ರ ಕೈಯನ್ನೂ ಊರಬೇಕು. ಅಲ್ಲಿ ಹೆದರಿಕೆಯಾದರೆ ಬುಡದ ಹುಲ್ಲಿನಲ್ಲೇ ಕೂತುಬಿಡಬಹುದು, ನೋಟದಲ್ಲಿ ಹೆಚ್ಚೇನೂ ನಷ್ಟವಿಲ್ಲ. ಎಂಟನೆಯವರ ಕಾಲಿಗೂ, ಉಳಿದ ಏಳು ಜನರ ಹುಮ್ಮಸ್ಸಿಗೂ ಒಂದೇ ಬೆಟ್ಟ ಸಾಕಾಗುವುದು ಹೀಗೆ. ಆಚೆ ಬದಿಯ ಶಿಶಿಲದಿಂದಲೂ ಹತ್ತುವ ದಾರಿ ಇದೆ, ಅದು ದಟ್ಟ ಕಾಡಿನ ಉದ್ದದ ಹಾದಿ, ಅನುಭವಸ್ಥರಿಗೆ.

ಮಳೆಯಲ್ಲಿ ಆ ಕೊನೆಯ ಬಂಡೆ ಸಾಬೂನು ಹಚ್ಚಿದ ಹಾಗೆ ಇರುತ್ತದೆ. ಜೂನಿನಿಂದ ಆಗಸ್ಟ್ ತನಕ ಹುಲ್ಲುಗಾವಲಿಗೆ ಹೋಗಿ ವಾಪಸು ಬನ್ನಿ, ಮೇಲೆ ಹತ್ತಬೇಡಿ.

ಬಲ್ಲಾಳರಾಯನ ದುರ್ಗ ಸ್ವಲ್ಪ ಹೆಚ್ಚು ಬೇಡುತ್ತದೆ. ಸುಂಕಸಾಲೆ ಕಡೆಯಿಂದ ಹೋಗಿ, ಹಳೆಯ ಕೋಟೆಯ ಕಲ್ಲುಗೋಡೆಯ ಮೇಲೆ ನಿಂತರೆ ಒಂದು ಕಡೆ ಮಲೆನಾಡು, ಇನ್ನೊಂದು ಕಡೆ ದಕ್ಷಿಣ ಕನ್ನಡದ ತಗ್ಗು. ರಾಣಿ ಝರಿಯ ಅಂಚು ಇಲ್ಲೇ. ಇನ್ನೂ ಮುಂದೆ ನಡೆದರೆ ಬಂಡಾಜೆ ಅರ್ಬಿ, ಅಂಚಿನಿಂದ ನೇರ ಕೆಳಗೆ ಬೀಳುವ ನೀರು. ಅದು ಪೂರ್ತಿ ಒಂದು ದಿನದ ಕೆಲಸ, ಗೈಡು ಬೇಕೇ ಬೇಕು. ಮಂಜು ಕವಿದರೆ ಹುಲ್ಲುಗಾವಲಿನಲ್ಲಿ ದಾರಿಗೂ ದಾರಿಯಲ್ಲದ್ದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ನಡೆಯಲಾಗದ ಅಜ್ಜ ಅಜ್ಜಿ ಜೊತೆಗಿದ್ದರೆ ದೇವರಮನೆ. ರಸ್ತೆ ಪಕ್ಕದಲ್ಲೇ ಹಳೆಯ ಕಾಲಭೈರವನ ಗುಡಿ, ಗುಡಿಯ ಹಿಂದೆ ಬೆಟ್ಟದ ಅಂಚು. ವಾಪಸು ಬರುವಾಗ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದಿದ್ದರೆ ಆ ಕಡೆ ಹೋದದ್ದು ಲೆಕ್ಕಕ್ಕಿಲ್ಲ. ಚಾರ್ಮಾಡಿ ಘಾಟಿಯ ತೊರೆಗಳು ಜುಲೈಯಲ್ಲಿ ರಸ್ತೆ ಪಕ್ಕದಲ್ಲೇ ಹತ್ತಾರು ಕಡೆ ಧುಮುಕುತ್ತವೆ. ಕಾರಿನಲ್ಲಿ ಕೂತೇ ನೋಡಿ. ಬಂಡೆ ಹತ್ತಿ ಫೋಟೊ ತೆಗೆಸಿಕೊಳ್ಳಲು ಹೋಗಿ ಜಾರಿದವರ ಸುದ್ದಿ ಪ್ರತಿ ಮಳೆಗಾಲ ಪೇಪರಿನಲ್ಲಿ ಬರುತ್ತದೆ. 2019ರ ಆಗಸ್ಟಿನಲ್ಲಿ ಗುಡ್ಡ ಜರಿದು ಈ ಘಾಟಿ ರಸ್ತೆಯೇ ಬಂದಾಗಿತ್ತು, ಹಾಗಾಗಿ ಜೋರು ಮಳೆಯಿದ್ದರೆ ರಸ್ತೆ ತೆರೆದಿದೆಯೇ ಎಂದು ವಿಚಾರಿಸಿಯೇ ಹೊರಡಿ.

ಕಾಸಿನ ಲೆಕ್ಕದಲ್ಲಿ ಇದು ಅಗ್ಗದ ದಿಕ್ಕು. ಸ್ವಂತ ಗಾಡಿ ಇದ್ದರೆ ಪೆಟ್ರೋಲು, ಚಾರಣದ ಶುಲ್ಕ, ಊಟ, ಅಷ್ಟೇ. ಬಸ್ಸಿನಲ್ಲಿ ಬರುವವರಿಗೆ ಮಾತ್ರ ಮೂಡಿಗೆರೆಯಿಂದ ಆಚೆಗೆ ಆಟೊ ಅಥವಾ ಜೀಪಿನ ಖರ್ಚು ಕೂಡುತ್ತದೆ.

ಕುದುರೆಮುಖ

1,894 ಮೀಟರ್. ಎತ್ತರದಲ್ಲಿ ಮುಳ್ಳಯ್ಯನಗಿರಿಗಿಂತ ಕೊಂಚವೇ ಕಡಿಮೆ, ಶ್ರಮದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಇಲ್ಲಿ ತುದಿಯ ಹತ್ತಿರಕ್ಕೆ ಕಾರು ಹೋಗುವುದಿಲ್ಲ. ಮುಳ್ಳೋಡಿಯಿಂದ ಹೋಗಿ ಬರುವುದು ಒಟ್ಟು 20 ಕಿಲೋಮೀಟರ್ ಆಸುಪಾಸು, ನಡುವೆ ಹಳ್ಳಗಳನ್ನು ದಾಟಬೇಕು, ಬೆಟ್ಟದ ಕಣಿವೆಗಳ ದಟ್ಟ ಶೋಲಾ ಕಾಡು ಮುಗಿದು ಹುಲ್ಲು, ಹುಲ್ಲು ಮುಗಿದು ಮತ್ತೆ ಶೋಲಾ. ಬೆಳಿಗ್ಗೆ ಹೊರಟು ಸಂಜೆಯೊಳಗೆ ಕೆಳಗಿಳಿದಿರಬೇಕು, ಮೇಲೆ ಟೆಂಟು ಹಾಕಲು ಬಿಡುವುದಿಲ್ಲ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಡು ಇದು. ಹತ್ತಿರದಲ್ಲೇ ಇದ್ದ ಕಬ್ಬಿಣದ ಅದಿರಿನ ಗಣಿ 2005ರ ಕೊನೆಗೆ ನಿಂತಿತು. ಆಗ ಕೆಲಸ ಕಳೆದುಕೊಂಡವರ ಬೇಸರವೂ ಆ ಊರಿನಲ್ಲಿದೆ, ಕಾಡು ಚೇತರಿಸಿಕೊಂಡ ಸಮಾಧಾನವೂ ಇದೆ.

ಚಿಕ್ಕಮಗಳೂರಿನಲ್ಲಿ ಉಳಿದುಕೊಂಡು ಕುದುರೆಮುಖ ಮಾಡುತ್ತೇನೆ ಅನ್ನುವವರು ನಕಾಶೆ ತೆಗೆದು ನೋಡಬೇಕು. ಕಳಸಕ್ಕೇ ಇಲ್ಲಿಂದ ಸುಮಾರು 90 ಕಿಲೋಮೀಟರ್ ಘಾಟಿ ದಾರಿ. ಹಿಂದಿನ ರಾತ್ರಿಯೇ ಸಂಸೆ, ಬಾಳೆಗಲ್ ಕಡೆಯ ಹೋಮ್‌ಸ್ಟೇಯಲ್ಲಿ ಮಲಗಿದರೆ ಮಾತ್ರ ಇದು ಆಗುವ ಮಾತು. ಅಂದರೆ ಎರಡು ರಾತ್ರಿ, ಬುಡದವರೆಗೆ ಜೀಪು, ಇಲಾಖೆಯ ಶುಲ್ಕ, ಗೈಡು. ಈ ಪಟ್ಟಿಯಲ್ಲಿ ಜೇಬಿಗೂ ಕಾಲಿಗೂ ಹೆಚ್ಚು ಭಾರ ಇದೇ. ಚೀಟಿಗಳು ವಾರಾಂತ್ಯಕ್ಕೆ ಬೇಗ ಮುಗಿಯುತ್ತವೆ.

ಆದರೂ ವರ್ಷಕ್ಕೆ ಒಂದೇ ಬೆಟ್ಟ ಹತ್ತುತ್ತೇನೆ, ಅದು ನೆನಪಿರಬೇಕು ಅನ್ನುವವರಿಗೆ ಕುದುರೆಮುಖವೇ. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್. ಬೇಸಿಗೆಯಲ್ಲಿ ಹಾದಿ ಮುಚ್ಚಿರುವುದೇ ಹೆಚ್ಚು. ಮಳೆಗಾಲದ ಕುದುರೆಮುಖವನ್ನು ಮೆಚ್ಚಿಕೊಂಡವರೂ ಇದ್ದಾರೆ, ಅವರ ಕಾಲಿನ ರಕ್ತ ಕುಡಿದ ಇಂಬಳಗಳೂ ಮೆಚ್ಚಿಕೊಂಡಿರುತ್ತವೆ.

ಕೆಮ್ಮಣ್ಣುಗುಂಡಿ, ಹೆಬ್ಬೆ

ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆ ಬಂದು ತಂಗುತ್ತಿದ್ದ ಜಾಗ, 1,434 ಮೀಟರ್. ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದೂ ಈ ಕೆಂಪು ಮಣ್ಣಿನಿಂದಲೇ. ಹೂದೋಟ, ತೋಟಗಾರಿಕೆ ಇಲಾಖೆಯ ವಸತಿಗೃಹ, ಸಂಜೆಗೆ ರಾಜಭವನದ ಮುಂದಿನ ಸೂರ್ಯಾಸ್ತ. ಮೂರು ತಲೆಮಾರು ಒಟ್ಟಿಗೆ ಬಂದಿದ್ದರೆ ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ಗೊತ್ತಿಲ್ಲ. ಹಿರಿಯರು ತೋಟದ ಬೆಂಚಿನಲ್ಲಿ ಕೂರುತ್ತಾರೆ, ಪಡ್ಡೆಗಳು ಝಡ್ ಪಾಯಿಂಟಿಗೆ ಹೋಗುತ್ತಾರೆ. ಮುಕ್ಕಾಲು ಗಂಟೆಯ ಕಾಲುದಾರಿ, ನಡುವೆ ಶಾಂತಿ ಫಾಲ್ಸ್, ಕೊನೆಯಲ್ಲಿ ಎರಡೂ ಬದಿಗೆ ಇಳಿಜಾರಿನ ಏಣು. ಮಕ್ಕಳ ಕೈ ಬಿಡಬೇಡಿ.

ಹೆಬ್ಬೆ ಜಲಪಾತಕ್ಕೆ ಇಲ್ಲಿಂದ ಜೀಪು, ನಂತರ ಸ್ವಲ್ಪ ನಡಿಗೆ. 168 ಮೀಟರ್ ಎತ್ತರದಿಂದ ಎರಡು ಹಂತವಾಗಿ ಬೀಳುವ ನೀರು. ಜೀಪಿನ ಬಾಡಿಗೆ, ಪ್ರವೇಶ ಎರಡೂ ಸೇರಿದರೆ ಇಬ್ಬರಿಗೆ ಕೈ ಸುಡುತ್ತದೆ, ಆರು ಏಳು ಜನ ಆದರೆ ಹಗುರ. ಮಳೆ ಜೋರಿದ್ದಾಗ ಬಿಡುವುದಿಲ್ಲ. ಮಾರ್ಚ್ ಆದಮೇಲೆ ನೀರು ಸೊರಗುತ್ತದೆ. ದುಡ್ಡು ಕೊಟ್ಟರೂ ಬೇಸರವಾಗದ ತಿಂಗಳು ಅಕ್ಟೋಬರಿನಿಂದ ಜನವರಿ. ಬರೀ ನೀರಿನಲ್ಲಿ ನೆನೆದರೆ ಸಾಕು ಎನ್ನುವವರಿಗೆ ರಸ್ತೆ ಪಕ್ಕದ ಕಲ್ಲತ್ತಗಿರಿ ಇದೆ, ವೀರಭದ್ರನ ಗುಡಿಯ ಪಕ್ಕದಲ್ಲೇ ನೀರು, ಜೀಪೂ ಬೇಡ.

ಭದ್ರಾ: ಕಾಡೋ, ದೋಣಿಯೋ, ರ‍್ಯಾಫ್ಟಿಂಗೋ

ಮೂರೂ ಬೇರೆ ಬೇರೆ ಕಾಲದ ಆಟ, ಒಂದೇ ಬಾರಿಗೆ ಮೂರನ್ನೂ ಹಿಡಿಯಲು ಆಗುವುದಿಲ್ಲ.

ರ‍್ಯಾಫ್ಟಿಂಗ್ ಮಳೆಗಾಲದ್ದು. ಬಾಳೆಹೊನ್ನೂರು ದಾರಿಯ ಮಾಗುಂಡಿ ಕಡೆ ಭದ್ರಾ ನದಿಯಲ್ಲಿ ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ನಡೆಸುತ್ತಾರೆ. ನದಿಗೆ ಅತಿ ನೀರು ಬಂದರೆ ನಿಲ್ಲಿಸುತ್ತಾರೆ, ಕಡಿಮೆಯಾದರೂ ನಿಲ್ಲಿಸುತ್ತಾರೆ. ಹಾಗಾಗಿ ಇದನ್ನೇ ನಂಬಿ ಬರುವವರು ಹಿಂದಿನ ದಿನ ಫೋನು ಮಾಡಿ ಖಚಿತ ಮಾಡಿಕೊಳ್ಳಬೇಕು. ತಲೆಗೆ ಸಾವಿರ ದಾಟುತ್ತದೆ. ಆ ದುಡ್ಡಿಗೆ ಲೈಫ್ ಜಾಕೆಟ್ಟು, ಹೆಲ್ಮೆಟ್ಟು, ಕಲಿತ ಗೈಡು ಮೂರೂ ಇದೆಯೇ ಎಂದು ನೋಡಿ. "ಈಜು ಬರುತ್ತೆ ಅಲ್ವಾ ಸರ್, ಏನಾಗಲ್ಲ" ಎನ್ನುವವರ ದೋಣಿ ಹತ್ತಬೇಡಿ.

ಕಾಡಿನ ಸಫಾರಿಗೆ ಊರಿನಿಂದ ಹತ್ತಿರ ಮುತ್ತೋಡಿ, ಸುಮಾರು 35 ಕಿಲೋಮೀಟರ್. 1998ರಲ್ಲಿ ಹುಲಿ ಮೀಸಲು ಪ್ರದೇಶವಾದ ಭದ್ರಾ ಕಾಡಿನ ಒಂದು ಬಾಗಿಲು ಇದು. ಒಳಗಿದ್ದ ಹಳ್ಳಿಗಳ ಜನ ಹೊರಗೆ ಬಂದು ನೆಲೆನಿಂತ ಮೇಲೆ ಹುಲ್ಲುಗಾವಲು ಮತ್ತೆ ಜಿಂಕೆ, ಕಾಡೆಮ್ಮೆಗಳ ಪಾಲಾಯಿತು. ಹುಲಿ ಇದೆ, ಆದರೆ ಕಬಿನಿಯ ಹಾಗೆ ದರ್ಶನ ಕೊಡುವುದಿಲ್ಲ. ಹುಲಿಯೇ ಬೇಕು ಎನ್ನುವವರು ಆ ದುಡ್ಡನ್ನು ಕಬಿನಿಗೆ ಇಟ್ಟುಕೊಳ್ಳಿ. ದೊಡ್ಡ ತೇಗದ ಮರ, ಕೆಂಜಳಿಲು, ಮಲಬಾರ್ ದಾಸ ಮಂಗಟ್ಟೆ ನೋಡಿ ಖುಷಿಪಡುವವರಿಗೆ ಮುತ್ತೋಡಿ ಸಾಕು.

ಇನ್ನೊಂದು ಬಾಗಿಲು ಲಕ್ಕವಳ್ಳಿ, ಭದ್ರಾ ಜಲಾಶಯದ ಕಡೆ. ಬೇಸಿಗೆಯಲ್ಲಿ ಚಿಕ್ಕಮಗಳೂರಿಗೆ ಬಂದು ಏನು ಮಾಡುವುದು ಎನ್ನುವವರಿಗೆ ನನ್ನ ಉತ್ತರ ಇದು. ನೀರು ಇಳಿದಂತೆ ನಡುಗಡ್ಡೆಗಳು ಮೇಲೇಳುತ್ತವೆ, ನೂರಾರು ರಿವರ್ ಟರ್ನ್ ಹಕ್ಕಿಗಳು ಅಲ್ಲಿ ನೆಲದ ಮೇಲೆ ಮೊಟ್ಟೆ ಇಟ್ಟು ಮರಿ ಮಾಡುತ್ತವೆ. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನವರ ವಸತಿಗೆ ಈ ಹಕ್ಕಿಯದೇ ಹೆಸರು. ಅಲ್ಲಿ ಉಳಿದರೆ ದೋಣಿ ಸಫಾರಿ, ಜೀಪು ಸಫಾರಿ ಎರಡೂ ಬಾಡಿಗೆಯಲ್ಲೇ ಸೇರಿರುತ್ತದೆ. ಮೊತ್ತ ಕೇಳಿದಾಗ ಜಾಸ್ತಿ ಅನಿಸುತ್ತದೆ, ಬಿಡಿಬಿಡಿಯಾಗಿ ಕೂಡಿಸಿ ನೋಡಿದರೆ ಅಷ್ಟೇನಿಲ್ಲ.

ತೋಟದೊಳಗಿನ ನಡಿಗೆ

ಯಾರ ಪಟ್ಟಿಯಲ್ಲೂ ಇದು ಇರುವುದಿಲ್ಲ. ನನ್ನ ಪಟ್ಟಿಯಲ್ಲಿ ಇದು ಮೇಲಿದೆ.

ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದರು ಎಂಬ ಕಥೆ ಎಲ್ಲರಿಗೂ ಗೊತ್ತು. ಆ ಏಳು ಬೀಜ ಏನಾಯಿತು ಎನ್ನುವುದನ್ನು ನೋಡಲು ಕಾರು ನಿಲ್ಲಿಸಿ ಇಳಿಯಬೇಕು. ತೋಟದಲ್ಲೇ ಇರುವ ಹೋಮ್‌ಸ್ಟೇಗೆ ಬಂದರೆ ಬೆಳಿಗ್ಗೆ ಆರೂವರೆಗೆ ಮನೆಯವರೋ ತೋಟದ ಕೆಲಸ ನೋಡಿಕೊಳ್ಳುವ ರೈಟರೋ ಒಂದು ಸುತ್ತು ಕರೆದುಕೊಂಡು ಹೋಗುತ್ತಾರೆ. ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಬುಡದಲ್ಲಿ ಅರೇಬಿಕಾ, ಪೊದೆಯೊಳಗಿನಿಂದ ಸಿಳ್ಳಾರ ಹಕ್ಕಿಯ ಸಿಳ್ಳೆ, ಹಳ್ಳದ ಕಡೆ ಏಲಕ್ಕಿ. ಏರಿಲ್ಲ, ಇಳಿವಿಲ್ಲ, ಅನುಮತಿಯ ಚೀಟಿಯಿಲ್ಲ. ಖರ್ಚು ನೀವು ಆಗಲೇ ಕೊಟ್ಟ ಬಾಡಿಗೆಯಲ್ಲಿದೆ. ಎಂಬತ್ತರ ಅಜ್ಜಿಯೂ ಕೋಲೂರಿಕೊಂಡು ಬರಬಹುದು.

ಮುಖ್ಯವಾಗಿ, ಇದು ಹನ್ನೆರಡು ತಿಂಗಳೂ ಬೇರೆ ಬೇರೆ. ನವೆಂಬರಿನಿಂದ ಜನವರಿ ಅರೇಬಿಕಾ ಹಣ್ಣು ಕೆಂಪಾಗಿ, ಕೊಯ್ಲಿನ ಗದ್ದಲ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಸದ್ದು, ಕಣದಲ್ಲಿ ಹರವಿದ ಬೀಜದ ವಾಸನೆ. ಆಮೇಲೆ ರೊಬಸ್ಟಾ. ಮಾರ್ಚ್, ಏಪ್ರಿಲಿನಲ್ಲಿ ಹೂಮಳೆ ಬಿದ್ದು ಒಂದು ವಾರ ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗೆ ಅರಳಿ ನಿಲ್ಲುತ್ತದೆ, ಮಲ್ಲಿಗೆಯನ್ನು ನೆನಪಿಸುವ ಆ ಪರಿಮಳಕ್ಕೆ ಜೇನುಹುಳು ಹುಚ್ಚೆದ್ದು ಮೊರೆಯುತ್ತವೆ. ಮೂರು ನಾಲ್ಕು ದಿನವಷ್ಟೇ. ಈ ಹೂವಿಗೆ ತಾರೀಕು ಗೊತ್ತು ಮಾಡಲು ಆಗುವುದಿಲ್ಲ, ಪರಿಚಯದ ಹೋಮ್‌ಸ್ಟೇಯವರಿಗೆ ಫೋನು ಮಾಡಿ "ಮಳೆ ಬಂತಾ?" ಎಂದು ಕೇಳುತ್ತಿರಬೇಕು. ಜುಲೈಯಲ್ಲಾದರೆ ನಡಿಗೆ ಅರ್ಧ ಗಂಟೆ, ಉಳಿದದ್ದು ಜಗಲಿಯಲ್ಲಿ ಕೂತು ಮಳೆ ನೋಡುವುದು, ಕಳಲೆ ಪಲ್ಯ, ಪತ್ರೊಡೆ, ಅಕ್ಕಿರೊಟ್ಟಿ ತಿನ್ನುವುದು. ಅದನ್ನೂ ಹೊರಾಂಗಣ ವಿಹಾರದ ಲೆಕ್ಕಕ್ಕೆ ಸೇರಿಸಬಹುದು, ಜಗಲಿ ಮನೆಯ ಹೊರಗೇ ತಾನೇ ಇರುವುದು.

ಒಂದೇ ಎಚ್ಚರಿಕೆ. ಬೇರೆಯವರ ತೋಟಕ್ಕೆ ಕೇಳದೆ ನುಗ್ಗಬೇಡಿ. ಮೂಡಿಗೆರೆ, ಆಲ್ದೂರು ಕಡೆ ತೋಟಗಳಲ್ಲಿ ಆನೆ ಓಡಾಡುತ್ತವೆ. ಯಾವ ದಿನ ಯಾವ ಕಡೆ ಇದೆ ಎನ್ನುವುದು ಊರವರಿಗೆ ಗೊತ್ತಿರುತ್ತದೆ, ನಿಮ್ಮ ಮೊಬೈಲಿಗೆ ಗೊತ್ತಿರುವುದಿಲ್ಲ.

ಸೈಕಲ್ಲಿನವರಿಗೆ ಎರಡೇ ಮಾತು. ಊರು ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಅಲ್ಲಿಂದ ಗಿರಿಗೆ ಹತ್ತುವುದು ತೊಡೆ ಗಟ್ಟಿ ಇದ್ದವರ ಕೆಲಸ. ಮಿಕ್ಕವರು ಹತ್ತು ಕಿಲೋಮೀಟರ್ ದೂರದ ಹಿರೇಕೊಳಲೆ ಕೆರೆಗೆ ಸಂಜೆ ಹೊತ್ತು ತುಳಿದುಕೊಂಡು ಹೋಗಿ, ಹಿಂದಿನ ಬೆಟ್ಟ ನೀರಿನಲ್ಲಿ ಮುಳುಗುವುದನ್ನು ನೋಡಿ ಬನ್ನಿ.

ಮೈಗೆ ಸಂಬಂಧಿಸಿದ್ದು

ಮಳೆಗಾಲಕ್ಕೆ ಇಂಬಳ. ಉಪ್ಪು, ಸುಣ್ಣ ಅಥವಾ ನಶ್ಯದ ಪುಡಿ ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿ. ಹತ್ತಿದರೆ ಎಳೆಯಬೇಡಿ, ಉಪ್ಪು ಮುಟ್ಟಿಸಿ, ತಾನೇ ಬಿಡುತ್ತದೆ. ಅದರಿಂದ ತುರಿಕೆ ಬಿಟ್ಟರೆ ಸಾಮಾನ್ಯವಾಗಿ ಬೇರೆ ಅಪಾಯವಿಲ್ಲ. ಹೆದರಬೇಕಾದ್ದು ಬೇಸಿಗೆಯ ಉಣುಗಿಗೆ. ಡಿಸೆಂಬರಿನಿಂದ ಮೇ ತನಕ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯ ಕಾಡಿನಲ್ಲಿ ಮಂಗನ ಕಾಯಿಲೆ ಹರಡುವುದು ಇದರಿಂದಲೇ. ಆ ತಿಂಗಳುಗಳಲ್ಲಿ ತರಗೆಲೆಯ ಮೇಲೆ ಕೂರಬೇಡಿ, ತುಂಬುತೋಳಿನ ಅಂಗಿ ಹಾಕಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನ ಸ್ನಾನ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರವರಿಗೆ ತಿಳಿಸಿ.

ಹಾಗಾದರೆ ನೀವು?

ಕಾಲೇಜು ಹುಡುಗರು, ಕೈಯಲ್ಲಿ ದುಡ್ಡು ಕಡಿಮೆ, ಎರಡು ದಿನ: ಬೆಂಗಳೂರಿನಿಂದ ರಾತ್ರಿ ಬಸ್ಸು, 245 ಕಿಲೋಮೀಟರ್. ರೈಲಾದರೆ ಕಡೂರಿನಲ್ಲಿ ಇಳಿದು 40 ಕಿಲೋಮೀಟರ್ ಬಸ್ಸು. ಮೊದಲ ದಿನ ಸರ್ಪದಾರಿ, ಎರಡನೇ ದಿನ ಎತ್ತಿನಭುಜ. ದೀಪಾವಳಿಯ ಹೊತ್ತಿಗೆ ಬಂದರೆ ದೇವೀರಮ್ಮನ ಬೆಟ್ಟ. ಸಾವಿರಾರು ಜನ ಕತ್ತಲಲ್ಲೇ ಹತ್ತುತ್ತಾರೆ, ಎಷ್ಟೋ ಜನ ಬರಿಗಾಲಿನಲ್ಲಿ.

ಮದುವೆಯಾದ ಹೊಸತು: ಜುಲೈಯ ವಾರದ ದಿನ, ತೋಟದ ಮನೆ. ಊರು ಸುತ್ತುವ ಯೋಚನೆ ಬಿಡಿ. ರೇಟೂ ಕಡಿಮೆ ಇರುತ್ತದೆ.

ಸಣ್ಣ ಮಕ್ಕಳು, ಅಪ್ಪ ಅಮ್ಮ ಎಲ್ಲ ಸೇರಿ: ನವೆಂಬರ್ ಅಥವಾ ಜನವರಿ, ಕೆಮ್ಮಣ್ಣುಗುಂಡಿ ಒಂದು ರಾತ್ರಿ, ತೋಟದಲ್ಲಿ ಒಂದು ರಾತ್ರಿ. ಡಿಸೆಂಬರಿನ ಕೊನೆಯ ವಾರ ಮಾತ್ರ ಬೇಡ, ಆಗ ಊರಿನವರಿಗೇ ಊರಿನಲ್ಲಿ ಜಾಗ ಇರುವುದಿಲ್ಲ.

ಮಕ್ಕಳಿಗೆ ಬೇಸಿಗೆ ರಜೆ ಬಿಟ್ಟರೆ ಬೇರೆ ರಜೆಯೇ ಇಲ್ಲ: ಲಕ್ಕವಳ್ಳಿ.

ಅಕ್ಕನ ಮಗಳಿಗೆ ಕೊನೆಗೆ ನಾನು ಹೇಳಿದ್ದು, ಶನಿವಾರ ಎತ್ತಿನಭುಜ, ಭಾನುವಾರ ಬೆಳಿಗ್ಗೆ ತೋಟ, ಮಧ್ಯಾಹ್ನ ವಾಪಸು. "ಮುಳ್ಳಯ್ಯನಗಿರಿ ನೋಡದೆ ಬಂದ್ರೆ ಆಫೀಸಲ್ಲಿ ನಗ್ತಾರೆ ಮಾವ" ಅಂದಳು. ಸರಿ, ನೋಂದಣಿ ಮಾಡಿಸಿಕೋ, ಬೆಳಗಿನ ಸರದಿ ಸಿಕ್ಕರೆ ಆರು ಗಂಟೆಗೆ ಗಿರಿ ದಾರಿಯ ಕೈಮರ ಚೆಕ್‌ಪೋಸ್ಟಿನಲ್ಲಿರು ಅಂದೆ. ಸಿಗದಿದ್ದರೆ? ಹಿರೇಕೊಳಲೆಗೆ ಹೋಗಿ ಕೆರೆ ಏರಿಯ ಮೇಲೆ ನಿಲ್ಲು. ಗಿರಿ ಸಾಲು ಅಲ್ಲಿಂದಲೂ ಕಾಣುತ್ತದೆ, ಫೋಟೊದಲ್ಲಿ ನೀರೂ ಬರುತ್ತದೆ.